‘ಮರುಬಳಕೆ ಮಾಡಬಹುದು’ ಎಂದು ಬರೆದ ಪ್ಯಾಕೆಟ್ ಕಸವನ್ನು ಕಡಿಮೆ ಮಾಡುತ್ತದೆಯೇ?

ಪ್ರಶ್ನೆ: ಕೆಲವು ವರ್ಷಗಳಿಂದ ನಮ್ಮ ಮನೆಯಲ್ಲಿ ‘ಮರುಬಳಕೆ ಮಾಡಬಹುದು’ ಎಂದು ಬರೆದಿರುವ, ಬಾಣಗಳ ತ್ರಿಕೋನ ಇರುವ ಪ್ಯಾಕೆಟ್‌ಗಳನ್ನೇ ಹುಡುಕಿ ಕೊಳ್ಳುತ್ತಿದ್ದೇವೆ. ಬಳಸಿದ ಮೇಲೆ ತೊಳೆದು, ಒಣಗಿಸಿ, ಬೇರೆಯಾಗಿಯೇ ಇಡುತ್ತೇವೆ. ಆದರೂ ವಾರಕ್ಕೊಮ್ಮೆ ಹೊರಗೆ ಹೋಗುವ ಚೀಲ ಸಣ್ಣದಾಗಿಲ್ಲ. ಮೊದಲಿಗಿಂತ ದೊಡ್ಡದಾಗಿದೆ ಎಂದೇ ಅನುಮಾನ. ಇಂಥ ಪ್ಯಾಕೇಜಿಂಗ್‌ನಿಂದ ಕಸ ನಿಜವಾಗಿ ಕಡಿಮೆಯಾಗುತ್ತದೆಯೇ? ತೊಳೆಯುವುದು, ಮುಚ್ಚಳ ತೆಗೆಯುವುದು ಇವೆಲ್ಲ ಅಗತ್ಯವೇ?

ಉತ್ತರ: ನಿಮ್ಮ ಅನುಮಾನದಲ್ಲಿ ಹುರುಳಿದೆ. ಪ್ಲಾಸ್ಟಿಕ್ ಸಂಸ್ಕರಣೆಯ ಘಟಕಗಳಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದ್ದೇನೆ. ಆ ಅನುಭವದಿಂದ ಮೊದಲೇ ಹೇಳಿಬಿಡುತ್ತೇನೆ: ಕೆಲವೇ ಬಗೆಯ ಪ್ಯಾಕೇಜಿಂಗ್‌ನಲ್ಲಿ, ಅದೂ ನಾಲ್ಕಾರು ಸಂಗತಿಗಳು ಕೂಡಿಬಂದಾಗ ಮಾತ್ರ, ಈ ಬರಹಕ್ಕೆ ತಕ್ಕಂತೆ ಕಸ ಕಡಿಮೆಯಾಗುತ್ತದೆ. ಉಳಿದ ಕಡೆ ಅದೊಂದು ಭರವಸೆ. ಆ ಭರವಸೆಯನ್ನು ಉಳಿಸಿಕೊಳ್ಳುವ ಹೊಣೆಯನ್ನು ಹೆಚ್ಚಾಗಿ ಯಾರೂ ಹೊರುವುದಿಲ್ಲ.

ಪದದಿಂದಲೇ ಆರಂಭಿಸೋಣ. ‘ಮರುಬಳಕೆ ಮಾಡಬಹುದಾದ’ ಎಂಬ ಮಾತಿನ ಭಾರವೆಲ್ಲ ‘ಬಹುದು’ ಎಂಬುದರ ಮೇಲಿದೆ. ಬೀಜ ಮೊಳೆಯಬಹುದು, ಮಣ್ಣು ನೀರು ಸಿಕ್ಕರೆ. ಡಬ್ಬಿಯಲ್ಲೇ ಉಳಿದ ಬೀಜವೂ ‘ಮೊಳೆಯಬಹುದಾದ’ ಬೀಜವೇ, ಆದರೆ ಅದರಿಂದ ಗಿಡ ಬರುವುದಿಲ್ಲ. ಪ್ಯಾಕೆಟ್‌ ಮೇಲಿನ ಬರಹ ಆ ವಸ್ತುವಿನ ಗುಣವನ್ನು ಹೇಳುತ್ತದೆಯೇ ಹೊರತು ಅದರ ಗತಿಯನ್ನಲ್ಲ. ಕನ್ನಡದಲ್ಲಿ ಇನ್ನೊಂದು ತೊಡಕೂ ಇದೆ. ಖಾಲಿಯಾದ ಜಾಡಿಗೆ ಮತ್ತೆ ತುಂಬಿಸಿ ಬಳಸುವುದಕ್ಕೂ ‘ಮರುಬಳಕೆ’ ಎನ್ನುತ್ತೇವೆ. ಅದೇ ಜಾಡಿಯನ್ನು ಚೂರು ಮಾಡಿ, ಕರಗಿಸಿ, ಬೇರೊಂದು ವಸ್ತು ಮಾಡುವುದಕ್ಕೂ ‘ಮರುಬಳಕೆ’ ಎನ್ನುತ್ತೇವೆ. ಎರಡಕ್ಕೂ ಅಜಗಜಾಂತರ. ಗೊಂದಲ ಬೇಡವೆಂದು ಇಲ್ಲಿ ಮೊದಲನೆಯದನ್ನು ‘ಮರುತುಂಬುವಿಕೆ’ ಎಂದೂ ಎರಡನೆಯದನ್ನು ‘ಮರುಸಂಸ್ಕರಣೆ’ ಎಂದೂ ಕರೆಯುತ್ತೇನೆ. ಪ್ಯಾಕೆಟ್‌ ಮೇಲೆ ಬರೆದಿರುವುದು ಎರಡನೆಯದರ ಮಾತು.

ತ್ರಿಕೋನದ ಕಥೆಯೂ ತಿಳಿದಿರಲಿ. ಒಂದನ್ನೊಂದು ಹಿಂಬಾಲಿಸುವ ಮೂರು ಬಾಣಗಳ ಆ ಚಿತ್ರವನ್ನು 1970ರಲ್ಲಿ ಗ್ಯಾರಿ ಆಂಡರ್ಸನ್ ಎಂಬ ಅಮೆರಿಕದ ವಿದ್ಯಾರ್ಥಿ ಒಂದು ಸ್ಪರ್ಧೆಗಾಗಿ ಬರೆದರು. ಅದು ಕಾಗದಕ್ಕೆಂದು ಮೂಡಿದ ಚಿಹ್ನೆ. 1988ರಲ್ಲಿ ಅಮೆರಿಕದ ಪ್ಲಾಸ್ಟಿಕ್ ಉದ್ಯಮದ ಸಂಘ ಅಂಥದ್ದೇ ಬಾಣಗಳ ನಡುವೆ 1ರಿಂದ 7ರವರೆಗಿನ ಅಂಕಿಗಳನ್ನು ಇಟ್ಟಿತು. ವಸ್ತು ಯಾವ ರಾಳದಿಂದ, ಅಂದರೆ ಯಾವ ಬಗೆಯ ಪ್ಲಾಸ್ಟಿಕ್‌ನಿಂದ, ಆಗಿದೆ ಎಂದು ಹೇಳುವುದಷ್ಟೇ ಆ ಅಂಕಿಯ ಕೆಲಸ. 1 ಎಂದರೆ ಪೆಟ್, 2 ಎಂದರೆ ಎಚ್‌ಡಿಪಿಇ, 3 ಪಿವಿಸಿ, 4 ಎಲ್‌ಡಿಪಿಇ, 5 ಪಾಲಿಪ್ರೊಪಿಲೀನ್, 6 ಪಾಲಿಸ್ಟೈರೀನ್, 7 ಎಂದರೆ ಇತರೆ ಎಲ್ಲವೂ. ‘ಇತರೆ’ ಎಂಬ ಕಲಬೆರಕೆ ಗುಂಪಿಗೂ ಅದೇ ಬಾಣಗಳ ತ್ರಿಕೋನ! ಜನ ಅಂಕಿಯನ್ನು ನೋಡಲಿಲ್ಲ, ಬಾಣಗಳನ್ನು ನೋಡಿದರು. 2013ರಲ್ಲಿ ಅಮೆರಿಕದ ಮಾನಕ ಸಂಸ್ಥೆ ಎಎಸ್‌ಟಿಎಂ ಬಾಣಗಳನ್ನು ಕೈಬಿಟ್ಟು ಬರಿಯ ತ್ರಿಕೋನವನ್ನು ಗೊತ್ತುಮಾಡಿತು. ಅಷ್ಟರೊಳಗೆ ಲೋಕವೆಲ್ಲ ಆ ಚಿತ್ರವನ್ನು ಬೇರೆ ಅರ್ಥದಲ್ಲಿ ಓದಲು ಕಲಿತಾಗಿತ್ತು. ನೀವು ಮೋಸಹೋಗಿದ್ದರೆ ತಪ್ಪು ನಿಮ್ಮದಲ್ಲ.

ಈಗ ಲೆಕ್ಕ. ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಸ್ಥೆಯ (ಒಇಸಿಡಿ) ಅಂದಾಜಿನಂತೆ 2019ರಲ್ಲಿ ಜಗತ್ತಿನಲ್ಲಿ ಸುಮಾರು 35.3 ಕೋಟಿ ಟನ್ ಪ್ಲಾಸ್ಟಿಕ್ ತ್ಯಾಜ್ಯ ಹುಟ್ಟಿತು. ಅದರಲ್ಲಿ ಶೇ 40ರಷ್ಟು ಪ್ಯಾಕೇಜಿಂಗ್. ಮರುಸಂಸ್ಕರಣೆಗೆಂದು ಸಂಗ್ರಹವಾದದ್ದು ಸುಮಾರು 5.5 ಕೋಟಿ ಟನ್. ಹಾಗೆ ಸಂಗ್ರಹವಾದದ್ದರಲ್ಲೂ 2.2 ಕೋಟಿ ಟನ್ ಘಟಕದಿಂದ ಮತ್ತೆ ಕಸವಾಗಿಯೇ ಹೊರಬಿತ್ತು. ಕೊನೆಗೆ ನಿಜವಾಗಿ ಹೊಸ ವಸ್ತುವಾದದ್ದು ಶೇ 9. ಸುಮಾರು ಅರ್ಧದಷ್ಟು ಭೂಭರ್ತಿಗೆ, ಅಂದರೆ ಕಸ ಹೂಳುವ ಜಾಗಕ್ಕೆ, ಹೋಯಿತು, ಸುಮಾರು ಐದರಲ್ಲೊಂದು ಪಾಲು ಸುಡುವ ಕುಲುಮೆಗೆ ಹೋಯಿತು, ಐದರಲ್ಲೊಂದಕ್ಕಿಂತ ತುಸು ಹೆಚ್ಚಿನ ಪಾಲು ಯಾವ ವ್ಯವಸ್ಥೆಗೂ ಸಿಗದೆ ತೆರೆದ ತಿಪ್ಪೆಯಲ್ಲಿ ಬಿತ್ತು, ಬಯಲಲ್ಲೇ ಉರಿಯಿತು, ಇಲ್ಲವೇ ಹೊಳೆ, ಸಮುದ್ರ ಸೇರಿತು.

ಆ 2.2 ಕೋಟಿ ಟನ್‌ನ ಬಗ್ಗೆ ಸ್ವಲ್ಪ ನಿಂತು ಯೋಚಿಸಿ. ಅದು ಯಾರೋ ಬೀದಿಗೆ ಎಸೆದದ್ದಲ್ಲ. ನಿಮ್ಮಂಥವರು ಬೇರೆ ಮಾಡಿ ಇಟ್ಟದ್ದು, ಕೆಲಸಗಾರರು ಎತ್ತಿ ತಂದದ್ದು, ಬಾಗಿಲವರೆಗೆ ಬಂದದ್ದು. ಬಾಗಿಲ ಒಳಗೆ ಏನಾಗುತ್ತದೆ ಎಂಬುದನ್ನು ಕಣ್ಣಾರೆ ನೋಡದೆ ಇದು ಅರ್ಥವಾಗುವುದಿಲ್ಲ. ಆದ್ದರಿಂದ ಒಂದು ನೀರಿನ ಬಾಟಲಿಯ ಜೊತೆ ಒಳಗೆ ಹೋಗೋಣ.

ಬಣ್ಣವಿಲ್ಲದ ಪೆಟ್ ಬಾಟಲಿ, ಮೇಲೆ ಪಾಲಿಎಥಿಲೀನ್ ಅಥವಾ ಪಾಲಿಪ್ರೊಪಿಲೀನ್ ಮುಚ್ಚಳ, ಸುತ್ತ ತೆಳುವಾದ ಲೇಬಲ್. ಚಲಿಸುವ ಪಟ್ಟಿಯ ಮೇಲೆ ಇತರ ನೂರು ವಸ್ತುಗಳ ನಡುವೆ ಅದು ಓಡುತ್ತಿರುತ್ತದೆ. ಮೇಲಿನಿಂದ ಕಣ್ಣಿಗೆ ಕಾಣದ ಅವಕೆಂಪು ಬೆಳಕು ಬೀಳುತ್ತದೆ. ಒಂದೊಂದು ಪ್ಲಾಸ್ಟಿಕ್ ಒಂದೊಂದು ರೀತಿಯಲ್ಲಿ ಆ ಬೆಳಕನ್ನು ಹಿಂದಿರುಗಿಸುತ್ತದೆ. ‘ಇದು ಪೆಟ್’ ಎಂದು ಯಂತ್ರ ಗುರುತಿಸಿದ ಕೂಡಲೇ ಗಾಳಿಯ ಹೊಡೆತಕ್ಕೆ ಬಾಟಲಿ ಹಾರಿ ಬೇರೆ ತೊಟ್ಟಿಗೆ ಬೀಳುತ್ತದೆ. ಮುಂದೆ ಅದನ್ನು ಬೆರಳುಗುರಿನಷ್ಟು ಚೂರುಗಳಾಗಿ ಕತ್ತರಿಸಿ ನೀರಿನ ತೊಟ್ಟಿಗೆ ಸುರಿಯುತ್ತಾರೆ. ನನಗೆ ಇವತ್ತಿಗೂ ಬೆರಗು ಹುಟ್ಟಿಸುವ ಹಂತ ಇದು: ಪೆಟ್ ನೀರಿಗಿಂತ ಭಾರ, ಆದ್ದರಿಂದ ಬಾಟಲಿಯ ಚೂರುಗಳು ಮುಳುಗುತ್ತವೆ, ಮುಚ್ಚಳದ ಪ್ಲಾಸ್ಟಿಕ್ ನೀರಿಗಿಂತ ಹಗುರ, ಆದ್ದರಿಂದ ಅದರ ಬಣ್ಣಬಣ್ಣದ ಚೂರುಗಳು ಎಲೆಗಳಂತೆ ತೇಲುತ್ತವೆ. ಯಾರೂ ಕೈಯಿಂದ ಆರಿಸಬೇಕಿಲ್ಲ, ನೀರೇ ಬೇರೆ ಮಾಡಿಕೊಡುತ್ತದೆ. ಮುಳುಗಿದ ಚೂರುಗಳನ್ನು ಕ್ಷಾರದ ಬಿಸಿನೀರಿನಲ್ಲಿ ತೊಳೆದು, ಚೆನ್ನಾಗಿ ಒಣಗಿಸಿ, ಕರಗಿಸಿ ಕಾಳುಗಳಾಗಿ ತೆಗೆಯುತ್ತಾರೆ. ಹೀಗೆ ಸಿಕ್ಕ ಪೆಟ್‌ನಿಂದ ಮತ್ತೆ ಬಾಟಲಿಯಾಗುತ್ತದೆ. ಹೊಸ ಪೆಟ್ ತಯಾರಿಸುವುದಕ್ಕಿಂತ ಇದಕ್ಕೆ ಶಕ್ತಿ ಬಹಳ ಕಡಿಮೆ ಸಾಕು. ಇಷ್ಟರಮಟ್ಟಿಗೆ ಮರುಸಂಸ್ಕರಣೆ ಸುಳ್ಳಲ್ಲ, ಕಣ್ಣೆದುರಿನ ಸತ್ಯ. ಹಾಲು, ಶಾಂಪೂ, ಸೋಪಿನ ದ್ರವಗಳ ಎಚ್‌ಡಿಪಿಇ ಡಬ್ಬಿಗಳ ಪಾಡೂ ಸರಿಸುಮಾರು ಹೀಗೆಯೇ ಒಳ್ಳೆಯದು.

ಈಗ ಅದೇ ಪಟ್ಟಿಯ ಮೇಲೆ ಒಂದು ಕಪ್ಪು ತಟ್ಟೆ ಬರಲಿ. ಕಪ್ಪು ಬಣ್ಣಕ್ಕೆ ಹೆಚ್ಚಾಗಿ ಬಳಸುವ ಇಂಗಾಲದ ಪುಡಿ ಆ ಬೆಳಕನ್ನೆಲ್ಲ ನುಂಗಿಬಿಡುತ್ತದೆ. ಯಂತ್ರಕ್ಕೆ ತಟ್ಟೆ ಕಾಣುವುದೇ ಇಲ್ಲ. ಪ್ಲಾಸ್ಟಿಕ್ ಒಳ್ಳೆಯದೇ, ಅಂಕಿಯೂ ಸರಿಯೇ, ಆದರೂ ಅದು ಪಟ್ಟಿಯ ಕೊನೆಯವರೆಗೆ ಹೋಗಿ ಕಸಕ್ಕೆ ಬೀಳುತ್ತದೆ. ಇನ್ನೊಂದು ಬಾಟಲಿ ಬರಲಿ, ಅಡಿಯಿಂದ ಮುಡಿಯವರೆಗೆ ಬೇರೆ ಪ್ಲಾಸ್ಟಿಕ್ಕಿನ ಬಣ್ಣದ ಅಂಗಿ ತೊಟ್ಟದ್ದು. ಯಂತ್ರ ಅಂಗಿಯನ್ನು ಓದುತ್ತದೆ, ಒಳಗಿನ ಬಾಟಲಿಯನ್ನಲ್ಲ. ಅಂಗಿ ಪಿವಿಸಿಯದಾಗಿದ್ದರಂತೂ ಕೇಡು ಇನ್ನೂ ದೊಡ್ಡದು: ಪಿವಿಸಿಯೂ ಪೆಟ್‌ನಂತೆ ನೀರಿನಲ್ಲಿ ಮುಳುಗುತ್ತದೆ, ಪೆಟ್ ಕರಗುವ ಬಿಸಿಯಲ್ಲಿ ಅದು ಆಮ್ಲ ಕಾರುತ್ತದೆ. ಸಾವಿರ ಚೂರಿನಲ್ಲಿ ಒಂದಕ್ಕಿಂತ ಕಡಿಮೆ ಬೆರೆತರೂ ಕರಗಿಸಿದ ಇಡೀ ರಾಶಿ ಹಳದಿ ತಿರುಗಿ ಹಾಳಾಗುತ್ತದೆ. ಗೊಬ್ಬರವಾಗುತ್ತದೆ ಎಂದು ಮಾರುವ ಪಿಎಲ್‌ಎ ಬಾಟಲಿಯೂ ಇದೇ ಬಗೆಯ ತೊಂದರೆ ಕೊಡುತ್ತದೆ. ನೋಡಲು ಪೆಟ್‌ನ ಅವಳಿ, ಗುಣ ಬೇರೆ.

ಕೊನೆಯದಾಗಿ ಪೊಟ್ಟಣ. ಒಂದು ಹೊಳೆಯುವ ಪ್ಯಾಕೆಟ್‌ನ ಅಂಚನ್ನು ನಿಧಾನವಾಗಿ ಹರಿದು ಬೆಳಕಿಗೆ ಹಿಡಿದು ನೋಡಿ. ಕೂದಲೆಳೆಯಷ್ಟು ದಪ್ಪದಲ್ಲಿ ಹಲವು ಪದರಗಳಿವೆ: ಮುದ್ರಣಕ್ಕೆ ಒಂದು, ಗಾಳಿ ತಡೆಯಲು ಅಲ್ಯೂಮಿನಿಯಂನದು ಇನ್ನೊಂದು, ಬಿಸಿಗೆ ಅಂಟಿಕೊಳ್ಳಲು ಪಾಲಿಎಥಿಲೀನ್, ನಡುನಡುವೆ ಅಂಟು. ಒಳಗಿನ ಪದಾರ್ಥ ತಿಂಗಳುಗಟ್ಟಲೆ ಕೆಡದಿರುವುದು ಈ ಪದರಗಳಿಂದಲೇ, ಆ ಜಾಣ್ಮೆಯನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಒಮ್ಮೆ ಬೆಸೆದ ಪದರಗಳನ್ನು ಬಿಡಿಸುವ ದಾರಿ ಸಾಮಾನ್ಯ ಘಟಕದಲ್ಲಿಲ್ಲ. ಒಂದೇ ಪದರದ ತೆಳು ಕವರ್ ಕೂಡ ಸುಖದ್ದಲ್ಲ: ಯಂತ್ರದ ಉರುಳೆಗೆ ಸುತ್ತಿಕೊಳ್ಳುತ್ತದೆ, ಕೆಲಸ ನಿಲ್ಲಿಸಿ ಚಾಕುವಿನಿಂದ ಕೊಯ್ದು ತೆಗೆಯಬೇಕು. ಅಂಥ ಪಾಳಿಗಳಲ್ಲಿ ಕೆಲಸಗಾರರ ಕೈಗಳನ್ನು ನೋಡಿದ್ದೇನೆ. ‘ಕವರ್‌ಗಳನ್ನೂ ಹಾಕಿ, ಯಂತ್ರ ನೋಡಿಕೊಳ್ಳುತ್ತದೆ’ ಎಂದು ಯಾರಾದರೂ ಸಲೀಸಾಗಿ ಹೇಳಿದಾಗ ನನಗೆ ಸಿಟ್ಟು ಬರುವುದು ಆ ಕೈಗಳ ನೆನಪಿನಿಂದ.

ಎಲ್ಲವೂ ಸರಿಯಾಗಿ ನಡೆದರೂ ಒಂದು ಮಿತಿ ಇದ್ದೇ ಇದೆ. ಪ್ಲಾಸ್ಟಿಕ್ ಎಂದರೆ ಉದ್ದುದ್ದನೆಯ ಅಣುಸರಪಳಿಗಳು. ಹತ್ತಿಯ ಹಳೆಯ ಬಟ್ಟೆಯನ್ನು ಬಿಡಿಸಿ ಮತ್ತೆ ನೂಲು ತೆಗೆದರೆ ಎಳೆ ಗಿಡ್ಡವಾಗುವಂತೆ, ಪ್ರತಿ ಸಲ ಕರಗಿಸಿದಾಗಲೂ ಬಿಸಿಯಿಂದ, ತೇವದಿಂದ ಸರಪಳಿಗಳು ತುಂಡಾಗುತ್ತವೆ. ಪೆಟ್‌ನಲ್ಲಿ ಅವುಗಳನ್ನು ಮತ್ತೆ ಉದ್ದ ಮಾಡುವ ವಿಧಾನವಿದೆ. ಬೇರೆಯವುಗಳಲ್ಲಿ ಹೊಸ ಪ್ಲಾಸ್ಟಿಕ್ ಬೆರೆಸಿ ಸರಿದೂಗಿಸುತ್ತಾರೆ. ಜೊತೆಗೆ ಬಣ್ಣ, ಮೃದುಕಾರಿ, ಬೆಂಕಿ ತಡೆಯುವ ರಾಸಾಯನಿಕಗಳೂ ಬೆರೆತು ಬರುತ್ತವೆ. ಪ್ಲಾಸ್ಟಿಕ್‌ಗೆ ಸಂಬಂಧಿಸಿದ ರಾಸಾಯನಿಕಗಳು 13,000ಕ್ಕೂ ಹೆಚ್ಚು ಎಂದು ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ 2023ರ ವರದಿ ಹೇಳುತ್ತದೆ. ಹಾಗಾಗಿ ಆಹಾರದ ಪೊಟ್ಟಣ ಮತ್ತೆ ಆಹಾರದ ಪೊಟ್ಟಣವಾಗುವುದು ಅಪರೂಪ. ಬಾಟಲಿ ಬಟ್ಟೆಯ ನೂಲಾಗುತ್ತದೆ, ಡಬ್ಬಿ ಪೈಪಾಗುತ್ತದೆ, ಕವರ್ ಕಸದ ಚೀಲವಾಗುತ್ತದೆ, ಹೆಚ್ಚಿನಂಶ ಪಯಣ ಅಲ್ಲಿಗೆ ಮುಗಿಯುತ್ತದೆ. 1950ರಿಂದ 2015ರವರೆಗಿನ ಜಗತ್ತಿನ ಪ್ಲಾಸ್ಟಿಕ್‌ನ ಲೆಕ್ಕ ಹಾಕಿ 2017ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ಒಮ್ಮೆ ಮರುಸಂಸ್ಕರಣೆಯಾದ ಪ್ಲಾಸ್ಟಿಕ್‌ನಲ್ಲಿ ಎರಡನೆಯ ಸಲವೂ ಆ ಭಾಗ್ಯ ಕಂಡದ್ದು ಹತ್ತರಲ್ಲೊಂದು ಪಾಲು.

ಸೋರಿಕೆ ಎಷ್ಟು ಬೇಗ ಎಲ್ಲವನ್ನೂ ಖಾಲಿ ಮಾಡುತ್ತದೆ ಎಂಬುದನ್ನು ಒಂದು ಕಾಲ್ಪನಿಕ ಲೆಕ್ಕದಿಂದ ತೋರಿಸುತ್ತೇನೆ. ನೂರು ಕಿಲೋ ಪ್ಯಾಕೇಜಿಂಗ್ ಇದೆ ಎನ್ನಿ. ನೂರಕ್ಕೆ 60 ಸಂಗ್ರಹವಾಯಿತು, ಅದರಲ್ಲಿ ಶೇ 80 ಸರಿಯಾಗಿ ಬೇರ್ಪಟ್ಟಿತು, ತೊಳೆದು ಕರಗಿಸುವಾಗ ಅದರಲ್ಲೂ ಶೇ 75 ಉಳಿಯಿತು. ಒಂದೊಂದೂ ಕೇಳಲು ಕೆಟ್ಟ ಅಂಕಿಯಲ್ಲ. ಕೈಗೆ ಬಂದದ್ದು ಮಾತ್ರ 36 ಕಿಲೋ. ಎರಡನೆಯ ಸುತ್ತಿಗೆ 13, ಮೂರನೆಯದಕ್ಕೆ 5 ಕಿಲೋ ಕೂಡ ಇಲ್ಲ. ಮೊದಲ ಬಳಕೆಯನ್ನೂ ಮುಂದಿನ ಎಲ್ಲ ಸುತ್ತುಗಳನ್ನೂ ಕೂಡಿಸಿದರೂ ಒಂದು ಕಿಲೋ ಪ್ಲಾಸ್ಟಿಕ್‌ನಿಂದ ಒಂದೂವರೆ ಕಿಲೋಗಿಂತ ಸ್ವಲ್ಪ ಹೆಚ್ಚಿನ ಕೆಲಸ ಸಿಕ್ಕಿತು. ಅದೇ ಸಂಗ್ರಹ ಶೇ 90, ಬೇರ್ಪಡಿಸುವಿಕೆ ಶೇ 95, ಉಳಿಕೆ ಶೇ 90 ಆದರೆ ಒಂದು ಕಿಲೋ ನಾಲ್ಕು ಕಿಲೋಗಿಂತ ಹೆಚ್ಚಿನ ಕೆಲಸ ಮಾಡುತ್ತದೆ. ಒಂದೂವರೆಗೂ ನಾಲ್ಕಕ್ಕೂ ಇರುವ ಈ ಅಂತರವನ್ನು ತುಂಬಲು ಪ್ಯಾಕೆಟ್ ಮೇಲಿನ ಬರಹದಿಂದ ಆಗದು. ಅದಕ್ಕೆ ಸುತ್ತಲಿನ ವ್ಯವಸ್ಥೆ ಬೇಕು.

ಅಂಥ ವ್ಯವಸ್ಥೆ ಎಲ್ಲೂ ಇಲ್ಲ ಎನ್ನಬೇಡಿ. ಕೊಳ್ಳುವಾಗ ಬಾಟಲಿಗೆ ಸಣ್ಣ ಠೇವಣಿ ಕಟ್ಟಿ, ಖಾಲಿ ಬಾಟಲಿ ಹಿಂದಿರುಗಿಸಿದಾಗ ಅದನ್ನು ವಾಪಸು ಪಡೆಯುವ ಪದ್ಧತಿ ಜರ್ಮನಿಯಲ್ಲಿ ಒಮ್ಮೆ ಬಳಸಿ ಬಿಡುವ ಬಾಟಲಿಗಳಿಗೂ 2003ರಿಂದ ಕಡ್ಡಾಯವಾಗಿದೆ. ಅಲ್ಲಿ ಠೇವಣಿ ಇರುವ ಬಾಟಲಿಗಳಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಹಿಂದಿರುಗುತ್ತವೆ. ಲಿಥುವೇನಿಯಾ 2016ರಲ್ಲಿ ಆರಂಭಿಸಿ ಎರಡೇ ವರ್ಷಗಳಲ್ಲಿ ಆ ಮಟ್ಟ ಮುಟ್ಟಿತು. ಹಾಗೆ ಬಂದ ಬಾಟಲಿಗಳು ಬೇರೆ ಕಸದೊಂದಿಗೆ ಬೆರೆತಿರುವುದಿಲ್ಲ, ಆದ್ದರಿಂದ ಮತ್ತೆ ಬಾಟಲಿಯಾಗುವಷ್ಟು ಶುದ್ಧ. ಜನರ ಮನಸ್ಸು ಏಕಾಏಕಿ ಬದಲಾದದ್ದಲ್ಲ, ಬಾಟಲಿಗೆ ಬೆಲೆ ಬಂತು ಅಷ್ಟೆ. ಹಲವು ದೇಶಗಳಲ್ಲಿ ಚಿಂದಿ ಆಯುವವರು ಪೆಟ್ ಬಾಟಲಿಯನ್ನು ಹುಡುಕಿ ಎತ್ತಿ, ಪೊಟ್ಟಣವನ್ನು ಅಲ್ಲೇ ಬಿಟ್ಟು ಹೋಗುವುದೂ ಇದೇ ಕಾರಣಕ್ಕೆ. ಯಾವುದು ನಿಜವಾಗಿ ಮರುಸಂಸ್ಕರಣೆಯಾಗುತ್ತದೆ ಎಂದು ತಿಳಿಯಬೇಕಾದರೆ ನಾನು ಪ್ಯಾಕೆಟ್‌ ಮೇಲಿನ ಬರಹಕ್ಕಿಂತ ಅವರ ಚೀಲವನ್ನೇ ಹೆಚ್ಚು ನಂಬುತ್ತೇನೆ. ಅವರಿಗೆ ಕೈಗವಸು, ನ್ಯಾಯವಾದ ಕೂಲಿ, ಗೌರವ ಸಿಗದೆ ಈ ಉದ್ಯಮ ತನ್ನನ್ನು ಹಸಿರು ಎಂದು ಕರೆದುಕೊಳ್ಳಬಾರದು.

ಇನ್ನು ನಿಮ್ಮ ಚೀಲ ದೊಡ್ಡದಾದ ಸಂಗತಿ. ಇದು ನಿಮ್ಮೊಬ್ಬರ ಅನುಭವವಲ್ಲ. 2013ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಕತ್ತರಿಯನ್ನು ಪರೀಕ್ಷಿಸಿ ಎಂದು ಜನರಿಗೆ ಕಾಗದ ಕೊಟ್ಟರು. ಮರುಸಂಸ್ಕರಣೆಯ ಬುಟ್ಟಿ ಪಕ್ಕದಲ್ಲಿದ್ದವರು ಅದಿಲ್ಲದವರಿಗಿಂತ ಹೆಚ್ಚು ಕಾಗದ ಕತ್ತರಿಸಿದರು. ಶೌಚಾಲಯದಲ್ಲಿ ಅಂಥ ಬುಟ್ಟಿ ಇಟ್ಟ ಮೇಲೆ ಕೈ ಒರೆಸುವ ಕಾಗದದ ಬಳಕೆಯೂ ಏರಿತು. ‘ವ್ಯರ್ಥವಾಗುವುದಿಲ್ಲವಲ್ಲ’ ಎಂಬ ನೆಮ್ಮದಿ ಕೈಯನ್ನು ಸಡಿಲಿಸುತ್ತದೆ. ಉತ್ಪಾದಕರ ಮಟ್ಟದಲ್ಲೂ ಇದೇ ಸಡಿಲ. ಮರುಸಂಸ್ಕರಿತ ಪ್ಲಾಸ್ಟಿಕ್ ಹೊಸದರ ಜಾಗವನ್ನು ತೆಗೆದುಕೊಂಡರೆ ಮಾತ್ರ ಲಾಭ. ಹೊಸದು ಬರುವಷ್ಟೇ ಬರುತ್ತಿದ್ದು, ಇದು ಅದರ ಪಕ್ಕಕ್ಕೆ ಸೇರಿಕೊಂಡರೆ ಜಗತ್ತಿನಲ್ಲಿ ಪ್ಲಾಸ್ಟಿಕ್ ಇನ್ನಷ್ಟಾಯಿತು. ಕಚ್ಚಾತೈಲದ ಬೆಲೆ ಕುಸಿದಾಗಲೆಲ್ಲ ಹೊಸ ಪ್ಲಾಸ್ಟಿಕ್ ಅಗ್ಗವಾಗಿ, ಸಂಸ್ಕರಣಾ ಘಟಕಗಳ ಕಾಳುಗಳನ್ನು ಕೇಳುವವರಿಲ್ಲದಂತಾಗುತ್ತದೆ. ಆದ್ದರಿಂದಲೇ ಹೊಸ ವಸ್ತುವಿನಲ್ಲಿ ಇಂತಿಷ್ಟು ಪಾಲು ಹಳೆಯದಿರಲೇಬೇಕು ಎಂಬ ಕಾನೂನು ನನಗೆ ಮುಖ್ಯವೆನಿಸುತ್ತದೆ. ಐರೋಪ್ಯ ಒಕ್ಕೂಟದ ನಿಯಮದಂತೆ ಪೆಟ್ ಪಾನೀಯ ಬಾಟಲಿಗಳಲ್ಲಿ 2025ರಿಂದ ಕನಿಷ್ಠ ಶೇ 25 ಮರುಸಂಸ್ಕರಿತ ಪ್ಲಾಸ್ಟಿಕ್ ಇರಬೇಕು. ಬೇಡಿಕೆ ಹೀಗೆ ಗಟ್ಟಿಯಾದಾಗ ‘ಬಹುದು’ ಎಂಬುದು ‘ಆಗುತ್ತದೆ’ ಕಡೆಗೆ ಒಂದು ಹೆಜ್ಜೆ ಸರಿಯುತ್ತದೆ.

ಕೆಲವರಿಗೆ ಈ ಮುಂದಿನ ಮಾತು ಇರುಸುಮುರುಸು ತರಬಹುದು. ಒಂದೇ ಪ್ರಮಾಣದ ಪದಾರ್ಥ ಹಿಡಿಯುವ ಎರಡು ಪ್ಯಾಕಿಂಗ್‌ಗಳಿವೆ ಎನ್ನಿ: 10 ಗ್ರಾಂ ತೂಗುವ, ಮರುಸಂಸ್ಕರಿಸಲಾಗದ ಪೊಟ್ಟಣ ಒಂದು, 40 ಗ್ರಾಂ ತೂಗುವ, ಮರುಸಂಸ್ಕರಿಸಬಹುದಾದ ಡಬ್ಬಿ ಇನ್ನೊಂದು. ಡಬ್ಬಿಗಳಲ್ಲಿ ಅರ್ಧದಷ್ಟು ನಿಜವಾಗಿ ಹೊಸ ವಸ್ತುವಾದರೂ ಪ್ರತಿ ಡಬ್ಬಿಗೆ 20 ಗ್ರಾಂ ಕಸ ಉಳಿಯಿತು, ಪೊಟ್ಟಣದ ಎರಡರಷ್ಟು. ಪೊಟ್ಟಣವೇ ಒಳ್ಳೆಯದು ಎಂದು ನಾನು ಹೇಳುತ್ತಿಲ್ಲ. ಹಗುರವಾದ ಪೊಟ್ಟಣ ಗಾಳಿಗೆ ಹಾರಿ ಚರಂಡಿ ಸೇರುವ ಅಪಾಯ ಹೆಚ್ಚು, ಅದನ್ನು ಎತ್ತುವವರೂ ಕಡಿಮೆ. ಆದರೆ ಕಸವನ್ನು ಅಳೆಯುವಾಗ ಮೊದಲು ನೋಡಬೇಕಾದದ್ದು ತೂಕ, ಆಮೇಲೆ ಗುರುತು. ಮೂಗಿಗಿಂತ ಮೂಗುತಿ ಭಾರ ಎನ್ನುವಂಥ ಪ್ಯಾಕಿಂಗ್‌ಗೆ ಯಾವ ಹಸಿರು ಬರಹವೂ ಪರಿಹಾರವಲ್ಲ. ಇವೆರಡನ್ನೂ ಮೀರಿಸುವುದು ಮರುತುಂಬುವಿಕೆ: ಅದೇ ಗಟ್ಟಿ ಡಬ್ಬಿ 20 ಸಲ ತುಂಬಿಬಂದರೆ ಪ್ರತಿ ಸಲಕ್ಕೆ 2 ಗ್ರಾಂ. ದೂರದೂರಕ್ಕೆ ಖಾಲಿ ಡಬ್ಬಿಗಳನ್ನು ಸಾಗಿಸಬೇಕಾದರೆ, ತೊಳೆಯಲು ಅತಿಯಾಗಿ ಬಿಸಿನೀರು ಸುರಿದರೆ ಇಂಧನದ ಲೆಕ್ಕ ಏರುತ್ತದೆ ಎಂಬುದು ನಿಜ. ಕಸದ ಲೆಕ್ಕದಲ್ಲಿ ಮಾತ್ರ ಅದಕ್ಕೆ ಸಾಟಿಯಿಲ್ಲ.

ಪ್ಲಾಸ್ಟಿಕ್ಕನ್ನು ಬಿಸಿಯಲ್ಲಿ ಒಡೆದು ಎಣ್ಣೆ ಮಾಡುವ ‘ರಾಸಾಯನಿಕ ಮರುಸಂಸ್ಕರಣೆ’ಯ ಬಗ್ಗೆ ನೀವು ಕೇಳಿರಬಹುದು. ಅದರಿಂದ ಬರುವ ಎಣ್ಣೆಯ ಒಂದು ಪಾಲು ಮಾತ್ರ ಮತ್ತೆ ಪ್ಲಾಸ್ಟಿಕ್ ಆಗುತ್ತದೆ, ಉಳಿದದ್ದು ಇಂಧನವಾಗಿ ಉರಿದುಹೋಗುತ್ತದೆ. ಅದನ್ನು ನಂಬಿ ಇಂದು ಪೊಟ್ಟಣಗಳನ್ನು ಹೆಚ್ಚಿಸುವುದು ಬರದ ಮಳೆಗೆ ಬಿತ್ತನೆ ಮಾಡಿದಂತೆ.

ಹಾಗಾದರೆ ನೀವೇನು ಮಾಡಬಹುದು? ಆಯ್ಕೆ ಇದ್ದಾಗ ಬಣ್ಣವಿಲ್ಲದ ಪೆಟ್ ಅಥವಾ ಬಣ್ಣವಿಲ್ಲದ ಎಚ್‌ಡಿಪಿಇ ಹಿಡಿಯಿರಿ, ಅಂದರೆ 1 ಮತ್ತು 2. ಪಾಲಿಪ್ರೊಪಿಲೀನ್ ಡಬ್ಬಿ, ಅಂದರೆ 5, ಕೊಳ್ಳುವವರಿರುವ ಕಡೆ ಪರವಾಗಿಲ್ಲ. 3, 6, 7ರ ಮೇಲಿನ ಬಾಣಗಳನ್ನು ಮರೆತುಬಿಡಿ. ಸಣ್ಣ ಪೊಟ್ಟಣ ಹತ್ತರ ಬದಲು ದೊಡ್ಡದು ಒಂದು ಕೊಳ್ಳಲು ಸಾಧ್ಯವಾದರೆ ಅದರಿಂದ ಆಗುವ ಉಳಿತಾಯ ಯಾವ ಗುರುತಿನಿಂದಲೂ ಆಗದು. ನಿಮ್ಮ ಒಣಕಸ ಒಯ್ಯುವವರನ್ನು ಒಮ್ಮೆ ನಿಲ್ಲಿಸಿ ಕೇಳಿ: ಇದರಲ್ಲಿ ಯಾವುದನ್ನು ಮಾರುತ್ತೀರಿ, ಯಾವುದನ್ನು ಬಿಸಾಡುತ್ತೀರಿ? ಐದು ನಿಮಿಷದ ಆ ಮಾತು ಈ ಇಡೀ ಉತ್ತರಕ್ಕಿಂತ ನಿಮಗೆ ಹೆಚ್ಚು ಉಪಯೋಗವಾದೀತು, ಯಾಕೆಂದರೆ ಉತ್ತರ ಊರಿಂದೂರಿಗೆ ಬೇರೆ. ಖಚಿತವಿಲ್ಲದ ವಸ್ತುವನ್ನು ‘ಇರಲಿ’ ಎಂದು ಒಳ್ಳೆಯದರ ಜೊತೆ ಸೇರಿಸಬೇಡಿ. ಒಂದು ಎಣ್ಣೆಪೊಟ್ಟಣ ಹತ್ತು ಶುದ್ಧ ಬಾಟಲಿಗಳ ಮೈಗೆ ಬಳಿದುಕೊಳ್ಳುತ್ತದೆ.

ತೊಳೆಯುವುದರ ಬಗ್ಗೆ: ಹೊಳೆಯುವಂತೆ ಉಜ್ಜಬೇಕಿಲ್ಲ, ಬಿಸಿನೀರು ಬೇಡ. ಪಾತ್ರೆ ತೊಳೆದು ಉಳಿದ ನೀರಿನಲ್ಲೇ ಒಮ್ಮೆ ಕುಲುಕಿ ಚೆಲ್ಲಿದರೆ ಸಾಕು. ಘಟಕದಲ್ಲಿ ಹೇಗೂ ಮತ್ತೆ ತೊಳೆಯುತ್ತಾರೆ. ಒಳಗೆ ಆಹಾರ ಕೊಳೆತು ಕಾಗದಕ್ಕೂ ಇತರ ಡಬ್ಬಿಗಳಿಗೂ ಹತ್ತದಿದ್ದರೆ ಆಯಿತು. ಲೇಬಲ್ ಕೀಳುವ ಶ್ರಮ ಬೇಡ, ಬಾಟಲಿಯನ್ನು ಪೂರ್ತಿ ಮುಚ್ಚುವ ಅಂಗಿಯಿದ್ದರೆ ಅದನ್ನು ಮಾತ್ರ ಕತ್ತರಿಸಿ ತೆಗೆಯಿರಿ. ಮುಚ್ಚಳವನ್ನು, ನಿಮ್ಮಲ್ಲಿ ಬೇರೆ ಸೂಚನೆ ಇಲ್ಲದಿದ್ದರೆ, ಖಾಲಿ ಬಾಟಲಿಗೇ ತಿರುಗಿಸಿ ಬಿಡಿ. ಬಿಡಿಯಾಗಿ ಹಾಕಿದ ಮುಚ್ಚಳ ಜರಡಿಯ ಕಣ್ಣಿನಲ್ಲಿ ಜಾರಿ ಕಸಕ್ಕೆ ಬೀಳುತ್ತದೆ; ಬಾಟಲಿಯ ಜೊತೆ ಬಂದ ಮುಚ್ಚಳ ಆ ನೀರಿನ ತೊಟ್ಟಿಯವರೆಗೆ ತಲುಪಿ, ಅಲ್ಲಿ ತೇಲುತ್ತದೆ.